ಗುಡಿಸು ಮೇಲೆ, ಒತ್ತು ಕೆಳಗೆ: ಸರಾಗ ಓದಿನ ಬಗ್ಗೆ ಒಂದು ಟಿಪ್ಪಣಿ

ಕಲಿಕಾ ನ್ಯೂನತೆಯುಳ್ಳ ಮಗು ‘ಶಕ್ತಿ’ಯನ್ನು ‘ಶಕಿತ’ ಎಂದು ಓದಿದರೆ ಅದು ಗಮನವಿಲ್ಲದ ಓದು ಎಂದು ಗದರುವವರೇ ಹೆಚ್ಚು. ಆ ಪದವನ್ನೊಮ್ಮೆ ಬರೆದು ನೋಡಬೇಕು. ಗುಡಿಸು ಕೂತಿರುವುದು ಕಕಾರದ ತಲೆಯ ಮೇಲೆ, ತಕಾರ ಅದರ ಕಾಲಡಿ. ನುಡಿಯುವಾಗ ಮಾತ್ರ ಆ ‘ಇ’ ತಕಾರದ ನಂತರ ಬರಬೇಕು. ಮಗು ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ. ‘ಸೂರ್ಯ’ದ ಅರ್ಕಾವತ್ತು ಇನ್ನೂ ತೊಡಕಿನದು: ಯಕಾರದ ಬಲಕ್ಕೆ ಬರೆದದ್ದನ್ನು ಯಕಾರಕ್ಕೂ ಮೊದಲು ನುಡಿಯಬೇಕು. ಬರೆದಂತೆ ಓದುವ ಭಾಷೆ ನಮ್ಮದು ಎಂಬ ಹೆಮ್ಮೆ ಈ ಮಗುವಿನ ನೆರವಿಗೆ ಬರುವುದಿಲ್ಲ.

ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೇ ತರಗತಿಯಲ್ಲೂ ಬೆಳೆಯುತ್ತಲೇ ಇರುತ್ತದೆ ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಎಲ್ಲ ಮಕ್ಕಳಿಗೂ ಇಷ್ಟು ದೀರ್ಘವಾದ ಹಾದಿಯಲ್ಲಿ ಕೆಲವರು ಒತ್ತಕ್ಷರದ ಹತ್ತಿರವೇ ನಿಂತುಬಿಡುತ್ತಾರೆ.

ಅಕ್ಷರ ಬಿಡಿಸುವುದಕ್ಕೇ ಗಮನವೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯದು ಎಂಬುದು ಲಾಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ 1974ರಲ್ಲಿ ಮಂಡಿಸಿದ ವಾದ. ಚಿಕ್ಕ ಭಾಗವೊಂದನ್ನು ಸರಾಗವಾಗುವವರೆಗೆ ಮತ್ತೆ ಮತ್ತೆ ಓದಿಸುವ ವಿಧಾನವನ್ನು ಸ್ಯಾಮ್ಯುಯೆಲ್ಸ್ 1979ರಲ್ಲಿ ವಿವರಿಸಿದರು. ಆದರೆ 1985ರಲ್ಲಿ ರಾಶಾಟ್ ಮತ್ತು ಟಾರ್ಗೆಸನ್ ಕಲಿಕಾ ನ್ಯೂನತೆಯ ಮಕ್ಕಳಲ್ಲೇ ಇದನ್ನು ಪರೀಕ್ಷಿಸಿ ಮುಖ್ಯವಾದುದೊಂದನ್ನು ಕಂಡರು: ಪಾಠದಿಂದ ಪಾಠಕ್ಕೆ ಪದಗಳು ಮರುಕಳಿಸಿದರೆ ವೇಗ ಕೂಡುತ್ತದೆ, ಇಲ್ಲದಿದ್ದರೆ ಪುನರಾವರ್ತನೆಯಿಂದ ವಿಶೇಷ ಲಾಭವಿಲ್ಲ.

ಕನ್ನಡಕ್ಕೆ ತಂದರೆ, ಮರುಕಳಿಸಬೇಕಾದದ್ದು ಒತ್ತಕ್ಷರ ಎಂಬುದು ನನ್ನ ಅಭಿಪ್ರಾಯ. ರಸ್ತೆ, ಪುಸ್ತಕ, ಸುಸ್ತು, ವಸ್ತು ಮತ್ತೆ ಮತ್ತೆ ಬರುವಂಥ ಮೂರು ಪುಟ್ಟ ಕಥೆಗಳನ್ನು ಮೇಷ್ಟ್ರೇ ಬರೆಯಬಹುದು. ಮೊದಲು ತಾವು ಓದಿ, ಆಮೇಲೆ ಮಗುವಿನ ಜೊತೆಗೂಡಿ ಓದಿ, ಕೊನೆಗೆ ಮಗು ಒಂದೇ ಓದಲಿ. ಇಡೀ ತರಗತಿಯೆದುರು ನಿಲ್ಲಿಸಿ ಓದಿಸುವುದು ಮಾತ್ರ ಖಂಡಿತ ಬೇಡ. ನಾಚಿಕೆಯಲ್ಲಿ ನಾಲಗೆ ಇನ್ನಷ್ಟು ತೊದಲುತ್ತದೆ.

ಅಳತೆಯ ಮಾತೂ ಇದೆ. ನಿಮಿಷಕ್ಕೆ ಎಷ್ಟು ಪದ ಎಂಬ ಲೆಕ್ಕ ಇಂಗ್ಲಿಷಿನದು. ‘ಶಾಲೆಯಲ್ಲಿದ್ದವರಿಗೂ’ ನಮಗೆ ಒಂದೇ ಪದ, ಆದರೆ ಎಂಟು ಅಕ್ಷರ, ಅದರಲ್ಲಿ ಎರಡು ಒತ್ತಕ್ಷರ. ಇದನ್ನೂ ‘ಮರ’ವನ್ನೂ ಸಮವೆಂದು ಎಣಿಸುವುದು ಮಗುವಿಗೆ ಅನ್ಯಾಯ. ನಿಮಿಷಕ್ಕೆ ಎಷ್ಟು ಅಕ್ಷರ ಸರಿಯಾಗಿ ಓದಿತು ಎಂದು ಬರೆದಿಡೋಣ. ಪಕ್ಕದಲ್ಲಿ ತಪ್ಪನ್ನೂ ಅದು ಓದಿದ ಹಾಗೇ ಗುರುತಿಸೋಣ: ‘ರಸೆತ’. ವಾರದ ಕೊನೆಗೆ, ಹಿಂದೆ ಓದಿರದ ಒಂದು ಸಾಲಿನಲ್ಲಿ ‘ಬಸ್ತಿ’ ಇಟ್ಟು ನೋಡಬೇಕು. ಅಲ್ಲಿ ತಡೆಯದೆ ಮುಂದೆ ಹೋದರೆ ಅಭ್ಯಾಸ ಕಥೆಯನ್ನು ದಾಟಿ ಲಿಪಿಗೆ ಇಳಿದಿದೆ.