ಮೂರು ಮೊಟ್ಟೆಗಳ ಯಾತ್ರೆ



ದಕ್ಷಿಣ ಧ್ರುವದ ಚರಿತ್ರೆಯೆಂದೊಡನೆ ನಮ್ಮ ನೆನಪಿಗೆ ಬರುವುದು ಆ ಧ್ರುವಬಿಂದುವಿಗಾಗಿ ನಡೆದ ಪೈಪೋಟಿ. 1911ನೆಯ ಇಸವಿ ಡಿಸೆಂಬರಿನಲ್ಲಿ ನಾರ್ವೆ ದೇಶದ ಅಮುಂಡ್ಸೆನ್ನನು ಅಲ್ಲಿ ಮೊದಲು ಕಾಲಿಟ್ಟುದೂ, ಮರುತಿಂಗಳು ಅಲ್ಲಿಗೆ ಸೇರಿದ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟನು ಹಿಂದಿರುಗುವ ದಾರಿಯಲ್ಲಿ ಸಂಗಡಿಗರೊಡನೆ ಮಡಿದುದೂ ಲೋಕಪ್ರಸಿದ್ಧವಾದ ಸಂಗತಿಗಳು. ಆದರೆ ಅದಕ್ಕೆ ಕೆಲವೇ ತಿಂಗಳು ಮುಂಚೆ ಸ್ಕಾಟನ ತಂಡದ ಮೂವರು ಕೈಕೊಂಡ ಇನ್ನೊಂದು ಯಾತ್ರೆಯುಂಟು. ಹಕ್ಕಿಗಳನ್ನು ನೋಡಿ, ಅವುಗಳ ಕೆಲವು ಮೊಟ್ಟೆಗಳನ್ನು ತರುವುದೇ ಅದರ ಉದ್ದೇಶ. ಆ ಯಾತ್ರೆಯಿಂದ ಫಲವೇನಾಯಿತೆಂಬುದೇ ಈ ಹೊತ್ತಿನ ವಿಚಾರ.

ಆ ಮೂವರ ಮುಂದಾಳು ಎಡ್ವರ್ಡ್ ವಿಲ್ಸನ್. ಅವನು ವೈದ್ಯ, ಪ್ರಾಣಿಶಾಸ್ತ್ರಜ್ಞ, ಒಳ್ಳೆಯ ಚಿತ್ರಗಾರ. 1901ರಿಂದ 1904ರವರೆಗೆ ಅದೇ ಸೀಮೆಯಲ್ಲಿದ್ದ ಸ್ಕಾಟನ ಮೊದಲನೆಯ ತಂಡದಲ್ಲಿಯೂ ಅವನಿದ್ದನು. ಆಗ ಕ್ರೋಜಿಯರ್ ಭೂಶಿರದ ಬಳಿ ಹಿಮಗಟ್ಟಿದ ಕಡಲಿನ ಮೇಲೆ ಚಕ್ರವರ್ತಿ ಪೆಂಗ್ವಿನ್‌ಗಳ ನೆಲೆಯೊಂದು ಕಂಡುಬಂದಿತು. ವಸಂತದ ಆರಂಭದಲ್ಲಿಯೇ ಮರಿಗಳು ಹೊರಬಂದಿದ್ದುವು. ಹಾಗಾದರೆ ಈ ಹಕ್ಕಿ ಮೊಟ್ಟೆಯಿಡುವುದು ನಡುಚಳಿಗಾಲದ ಕತ್ತಲೆಯಲ್ಲಿಯೇ ಎಂದು ವಿಲ್ಸನ್ನನು ಊಹಿಸಿದನು.

ಪ್ರಾಣಿಯ ಭ್ರೂಣವು ಬೆಳೆಯುವಾಗ ತನ್ನ ಪೂರ್ವಿಕರ ರೂಪಗಳನ್ನು ಒಂದೊಂದಾಗಿ ತಾಳುತ್ತದೆಂಬ ಸಿದ್ಧಾಂತ ಆ ಕಾಲದಲ್ಲಿ ಪ್ರಬಲವಾಗಿತ್ತು. ಪೆಂಗ್ವಿನ್ ಪಕ್ಷಿಕುಲದಲ್ಲೆಲ್ಲ ಅತಿ ಪ್ರಾಚೀನವೆಂಬ ನಂಬಿಕೆಯೂ ಇತ್ತು. ಆದುದರಿಂದ ಅದರ ಭ್ರೂಣವನ್ನು ಪರೀಕ್ಷಿಸಿದರೆ ಸರೀಸೃಪಗಳಿಂದ ಹಕ್ಕಿಗಳು ಹುಟ್ಟಿದ ಬಗೆ ತಿಳಿಯಬಹುದು, ಹಲ್ಲಿನ ಕುರುಹು ಕೂಡ ದೊರೆಯಬಹುದು ಎಂದು ಅವನು ಆಶಿಸಿದನು. ಅದಕ್ಕೆ ಹೊಸದಾಗಿ ಇಟ್ಟ ಮೊಟ್ಟೆಗಳೇ ಬೇಕು. ಅವು ಬೇಕಾದರೆ ನಡುಚಳಿಗಾಲದಲ್ಲಿಯೇ ಹೋಗಬೇಕು.

ದಕ್ಷಿಣಾರ್ಧಗೋಳದಲ್ಲಿ ಜೂನ್ ಜುಲೈ ತಿಂಗಳುಗಳೇ ಚಳಿಗಾಲ. ಅಲ್ಲಿ ಆಗ ಸೂರ್ಯನು ಉದಯಿಸುವುದೇ ಇಲ್ಲ. 1911ನೆಯ ಇಸವಿ ಜೂನ್ 27ರಂದು ವಿಲ್ಸನ್ನನು ಇಬ್ಬರು ಸಂಗಡಿಗರೊಡನೆ ಇವಾನ್ಸ್ ಭೂಶಿರದ ಬೀಡಿನಿಂದ ಹೊರಟನು. ಒಬ್ಬನು ಹೆನ್ರಿ ಬವರ್ಸ್. ನಮ್ಮ ದೇಶದ ಸರಕಾರದ ರಾಯಲ್ ಇಂಡಿಯನ್ ಮರೀನ್ ಎಂಬ ನೌಕಾಪಡೆಯಿಂದ ಬಂದವನು. ಇನ್ನೊಬ್ಬನು ಇಪ್ಪತ್ತೈದು ವರ್ಷದ ಆಪ್ಸ್ಲಿ ಚೆರ್ರಿ-ಗ್ಯಾರಾರ್ಡ್. ಇವನಿಗೆ ದೃಷ್ಟಿ ಮಂದ. ಕನ್ನಡಕ ಹಾಕಿದರೆ ಉಸಿರಿನ ತೇವ ಗಾಜಿನ ಮೇಲೆ ಹಿಮಗಟ್ಟುತ್ತಿದ್ದುದರಿಂದ ಅದನ್ನು ಹಾಕುವಂತಿರಲಿಲ್ಲ.

ದೂರ ಸುಮಾರು 67 ಮೈಲಿ. ಎರಡು ಜಾರುಬಂಡಿಗಳ ಮೇಲಿದ್ದ 757 ಪೌಂಡು ಭಾರವನ್ನು ಈ ಮೂವರೇ ಎಳೆಯಬೇಕು. ಹಿಮವು ಮರಳಿನಂತೆ ಒರಟಾಗಿ ಬಂಡಿಗಳನ್ನು ಹಿಡಿದಾಗ, ಒಂದು ಬಂಡಿಯನ್ನು ಮುಂದೆ ಎಳೆದು ನಿಲ್ಲಿಸಿ, ಹಿಂದಿರುಗಿ ಇನ್ನೊಂದನ್ನು ತರುವುದಾಯಿತು. ಹೀಗೆ ಮೂರು ಮೈಲಿ ನಡೆದರೆ ಮುಂದುವರಿಯುವುದು ಒಂದೇ ಮೈಲಿ. ಹಿಂದಿರುಗುವಾಗ ತಮ್ಮ ಹೆಜ್ಜೆಯ ಗುರುತನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಹುಡುಕುತ್ತಿದ್ದರು. ಜುಲೈ 6ರಂದು ಶೈತ್ಯವು ಫ್ಯಾರನ್‌ಹೀಟ್ ಮಾಪಕದಲ್ಲಿ ಸೊನ್ನೆಗಿಂತ 77.5 ಡಿಗ್ರಿ ಕೆಳಕ್ಕೆ ಇಳಿಯಿತು. ಒಂದು ಬೆಳಗ್ಗೆ ಚೆರ್ರಿ-ಗ್ಯಾರಾರ್ಡನು ಡೇರೆಯಿಂದ ಹೊರಬಂದು ತಲೆಯೆತ್ತಿ ಸುತ್ತ ನೋಡಿದನು. ಅಷ್ಟರಲ್ಲಿ ಅವನ ಉಡುಪು ಹಾಗೆಯೇ ಹೆಪ್ಪುಗಟ್ಟಿ, ನಾಲ್ಕು ಗಂಟೆಗಳ ಕಾಲ ತಲೆಯನ್ನು ಇಳಿಸಲಾರದೆ ಬಂಡಿಯನ್ನೆಳೆದನು.

ಹತ್ತೊಂಬತ್ತು ದಿನಗಳ ಮೇಲೆ ಅವರು ಕ್ರೋಜಿಯರ್ ಭೂಶಿರವನ್ನು ಸೇರಿ, ಕಲ್ಲಿನ ಗೋಡೆ ಕಟ್ಟಿ, ಕ್ಯಾನ್‌ವಾಸಿನ ಮಾಡು ಹೊದಿಸಿದರು. ಜುಲೈ 20ರಂದು ಹಿಮದ ಬಂಡೆಗಳ ಸಂದಿಯಲ್ಲಿ ನುಸುಳಿ ಹಕ್ಕಿಗಳ ನೆಲೆಗೆ ಇಳಿದರು. ಚಳಿಗಾಲದಲ್ಲಿ ಆ ನೆಲೆಯನ್ನು ಕಂಡ ಮೊದಲ ಮನುಷ್ಯರು ಅವರೇ. ಹಿಂದಿನ ತಂಡ ಕಂಡುದಕ್ಕಿಂತ ಹಕ್ಕಿಗಳು ಬಹಳ ಕಡಮೆ, ಸುಮಾರು ನೂರು. ಅವು ಗೂಡು ಕಟ್ಟದೆ, ಮೊಟ್ಟೆಯನ್ನು ಪಾದಗಳ ಮೇಲಿರಿಸಿ, ಹೊಟ್ಟೆಯ ಮಡಿಕೆಯಿಂದ ಮುಚ್ಚಿಕೊಂಡು ನಿಂತಿದ್ದುವು. ಕಾವುಕೂರುವ ಹಂಬಲ ಎಷ್ಟೆಂದರೆ, ಮೊಟ್ಟೆಯಿಲ್ಲದ ಕೆಲವು ಹಕ್ಕಿಗಳು ಮೊಟ್ಟೆಯ ಗಾತ್ರದ ಹಿಮದ ಉಂಡೆಗಳನ್ನೇ ಪಾದಗಳ ಮೇಲಿಟ್ಟು ಕಾಪಾಡುತ್ತಿದ್ದುವು.

ಐದು ಮೊಟ್ಟೆಗಳು ಸಿಕ್ಕಿದುವು. ಮೇಲಕ್ಕೆ ಹತ್ತುವಾಗ ಚೆರ್ರಿ-ಗ್ಯಾರಾರ್ಡನ ಕೈಗವುಸಿನಲ್ಲಿದ್ದ ಎರಡು ಒಡೆದು, ಮೂರು ಉಳಿದುವು. ಬಳಿಕ ಹಿಮಮಾರುತವೆದ್ದು ಅವರ ಡೇರೆಯನ್ನು ಹೊತ್ತುಕೊಂಡು ಹೋಯಿತು. ಜುಲೈ 23ರಂದು ಮಾಡಿನ ಬಟ್ಟೆಯೂ ಚಿಂದಿಚಿಂದಿಯಾಗಿ ಹಾರಿತು. ಅಂದು ವಿಲ್ಸನ್ನನಿಗೆ 39 ವರ್ಷ ತುಂಬಿದ ದಿನ. ಮಲಗುವ ಚೀಲಗಳಲ್ಲಿ ಹುದುಗಿ, ಮೇಲೆ ಹಿಮ ಮುಚ್ಚುತ್ತಿರಲು, ಮೂವರೂ ಗಾಳಿ ತಗ್ಗುವುದನ್ನೇ ಕಾದರು. ಡೇರೆಯಿಲ್ಲದೆ ಹಿಂದಿರುಗುವ ಆಸೆಯೇ ಇರಲಿಲ್ಲ. ಗಾಳಿ ನಿಂತ ಮೇಲೆ ಬವರ್ಸನಿಗೆ ಆ ಡೇರೆ ಸುಮಾರು ಅರ್ಧ ಮೈಲಿ ಕೆಳಗೆ ಹೆಚ್ಚು ಕೆಡದೆ ಬಿದ್ದಿರುವುದು ಕಂಡಿತು. ಆಗಸ್ಟ್ 1ರಂದು ಅವರು ಬೀಡನ್ನು ಸೇರಿದರು.

ವಿಲ್ಸನ್ನನೂ ಬವರ್ಸನೂ ಮುಂದೆ ಸ್ಕಾಟನೊಡನೆ ಧ್ರುವಕ್ಕೆ ಹೋಗಿ, 1912ರ ಮಾರ್ಚಿಯಲ್ಲಿ ಒಂದೇ ಡೇರೆಯಲ್ಲಿ ತೀರಿಕೊಂಡರು. ಉಳಿದ ಚೆರ್ರಿ-ಗ್ಯಾರಾರ್ಡನು 1913ರಲ್ಲಿ ಮೊಟ್ಟೆಗಳನ್ನು ಲಂಡನಿನ ಪ್ರಕೃತಿಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದನು. ಭ್ರೂಣಗಳು ಹಲವರ ಕೈ ದಾಟಿ, 1934ರಲ್ಲಿ ಅವುಗಳ ವರದಿ ಹೊರಬಿದ್ದಿತು. ಪೆಂಗ್ವಿನ್ನಿನ ಭ್ರೂಣಶಾಸ್ತ್ರಕ್ಕೆ ಇವುಗಳಿಂದ ಹೆಚ್ಚಿನದೇನೂ ಸೇರಲಿಲ್ಲವೆಂಬುದೇ ಅದರ ನಿರ್ಣಯ. ಅಷ್ಟು ಹೊತ್ತಿಗೆ ಆ ಸಿದ್ಧಾಂತವೂ ವಿದ್ವಾಂಸರ ಮನ್ನಣೆಯನ್ನು ಕಳೆದುಕೊಂಡಿತ್ತು. ಪೆಂಗ್ವಿನ್ನಿನ ಪೂರ್ವಿಕರು ಹಾರಬಲ್ಲ ಹಕ್ಕಿಗಳೇ ಆಗಿದ್ದುವೆಂದು ಈಗ ನಾವು ಬಲ್ಲೆವು.

ತರಗತಿಯಲ್ಲಿ ಈ ವೃತ್ತಾಂತವನ್ನು ಹೇಳಿದಾಗಲೆಲ್ಲ ವಿದ್ಯಾರ್ಥಿಗಳಲ್ಲೊಬ್ಬನು, “ಹಾಗಾದರೆ ಅವರು ಪಟ್ಟ ಪಾಡೆಲ್ಲ ವ್ಯರ್ಥವೇ, ಸ್ವಾಮಿ?” ಎಂದು ಕೇಳದೆ ಬಿಡುವುದಿಲ್ಲ. ಬಹುಕಾಲ ನಾನೂ ಧೈರ್ಯವನ್ನು ಹೊಗಳಿ ಜಾರಿಕೊಳ್ಳುತ್ತಿದ್ದೆನು. ಅದು ಸಾಲದು. ಧೈರ್ಯವು ನಿಷ್ಫಲವಾದ ಕೆಲಸದಲ್ಲಿಯೂ ಇರಬಹುದು.

ನನಗೆ ಈಗ ತೋರುವ ಉತ್ತರವಿದು. ವಿಲ್ಸನ್ನನು ಕೇಳಹೋದ ಪ್ರಶ್ನೆ ಸರಿಯಾಗಿರಲಿಲ್ಲ. ಅವನ ನೋಟ ಸರಿಯಾಗಿತ್ತು. ಈ ಹಕ್ಕಿ ನೆಲವನ್ನು ಬಿಟ್ಟು ಕಡಲ ಹಿಮವನ್ನೇ ನಂಬಿ ಬಾಳುತ್ತದೆ, ಕತ್ತಲೆಯಲ್ಲಿಯೇ ಕಾವು ಕೂರುತ್ತದೆ ಎಂಬುದನ್ನು ಅವನು ಊಹೆಗೆ ಬಿಡದೆ ಹೋಗಿ ಕಂಡನು, ಎಣಿಸಿದನು, ಬರೆದಿಟ್ಟನು. 1952ರಲ್ಲಿ ಫ್ರೆಂಚ್ ವಿಜ್ಞಾನಿಗಳು ಇನ್ನೊಂದು ನೆಲೆಯ ಬಳಿ ಚಳಿಗಾಲವನ್ನು ಕಳೆದು ಈ ಹಕ್ಕಿಯ ಜೀವನವನ್ನು ವಿವರವಾಗಿ ಅಭ್ಯಾಸ ಮಾಡಿದರು. ಎರಡು ತಿಂಗಳಿಗೆ ಮಿಗಿಲಾಗಿ ಉಪವಾಸವಿದ್ದು ಮೊಟ್ಟೆಯನ್ನು ಕಾಯುವುದು ಗಂಡುಹಕ್ಕಿ. 2012ರಲ್ಲಿ ಉಪಗ್ರಹಗಳ ಚಿತ್ರಗಳಿಂದ ಈ ಹಕ್ಕಿಗಳನ್ನು ಎಣಿಸಿದಾಗ ಸುಮಾರು ಆರು ಲಕ್ಷವೆಂದು ತಿಳಿಯಿತು. 2022ರಲ್ಲಿ ಬೆಲಿಂಗ್ಸ್‌ಹೌಸೆನ್ ಸಮುದ್ರದ ಹಿಮವು ಅಕಾಲದಲ್ಲಿ ಒಡೆದು, ಅಲ್ಲಿಯ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಮರಿಗಳು ಉಳಿಯಲಿಲ್ಲ.

ಭೂಮಿ ಬಿಸಿಯೇರುತ್ತಿರುವ ಈ ಕಾಲದಲ್ಲಿ, ಕಡಲ ಹಿಮ ಕರಗಿದರೆ ಈ ಹಕ್ಕಿಗೆ ನಿಲ್ಲಲು ನೆಲೆಯಿಲ್ಲವೆಂಬುದು ನಮಗೆ ಗೊತ್ತು. ಆ ತಿಳಿವಳಿಕೆಯ ಮೊದಲ ಪುಟವನ್ನು ಬರೆದವರು, ಹಿಮದ ಬಂಡೆಗಳ ಸಂದಿಯಲ್ಲಿ ನುಸುಳಿಹೋಗಿ ಸುಮಾರು ನೂರು ಹಕ್ಕಿಗಳನ್ನು ಎಣಿಸಿದ ಆ ಮೂವರು. ಮುಂದಿನ ವರ್ಷ ಅದೇ ಪ್ರಶ್ನೆ ಬಂದಾಗ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದನ್ನೇ.