ನಾಲ್ಕನೆಯ ಸಾಲಿನ ದನಿ

ಕಳೆದ ತಿಂಗಳು ಬೆಂಗಳೂರಿನಿಂದ ಮೊಮ್ಮಗಳು ಫೋನ್ ಮಾಡಿದ್ದಳು. ಕಾಲೇಜಿನ ಕ್ವಾಯರ್‌ಗೆ ಸೇರಿದ್ದಾಳಂತೆ. ವಾರಕ್ಕೆ ಮೂರು ಸಂಜೆ ಅಭ್ಯಾಸ, ಹತ್ತು ನಿಮಿಷ ಮೊದಲೇ ಹೋಗಿ ನಿಲ್ಲಬೇಕು, ಹೇಳದೆ ತಪ್ಪಿಸಿಕೊಳ್ಳುವಂತಿಲ್ಲ. "ನಲವತ್ತು ಜನ ಹಾಡ್ತಾರೆ ಅಜ್ಜಿ, ನಾನೊಬ್ಬಳು ಹೋಗದಿದ್ದರೆ ಯಾರಿಗೆ ಗೊತ್ತಾಗುತ್ತೆ?" ಎಂದು ಗೊಣಗಿದಳು. ನನಗೆ ನಗು ಬಂತು. ಐವತ್ತು ವರ್ಷಗಳ ಹಿಂದೆ ಇದೇ ಮಾತನ್ನು ನಾನೂ ಹೇಳಿಕೊಂಡಿದ್ದೆ, ಆಮೇಲೆ ತಲೆ ತಗ್ಗಿಸಿ ನಿಂತಿದ್ದೆ.

ಆಗ ನಮ್ಮ ಕಡೆಯ ಎಷ್ಟೋ ಹುಡುಗಿಯರು ಓದಲು ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದರು. ನಾನೂ ಹೋದೆ. ಮಡಿಕೇರಿಯಲ್ಲಿ ಬಸ್ಸು ಹತ್ತಿದರೆ ಸಂಪಾಜೆ, ಸುಳ್ಯ, ಪುತ್ತೂರು ದಾಟುವಷ್ಟರಲ್ಲಿ ಸ್ವೆಟರ್ ತೆಗೆದು ಚೀಲಕ್ಕೆ ಹಾಕಿ ಬೆವರು ಒರೆಸಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತ ಗುನುಗುತ್ತಿದ್ದುದನ್ನು ಸಿಸ್ಟರೊಬ್ಬರು ಕೇಳಿಸಿಕೊಂಡು, "ನಿನ್ನದು ಕೆಳಗಿನ ದನಿ, ಆಲ್ಟೊ. ಅಂಥವರು ಕಡಿಮೆ, ನಾಳೆ ಬಾ" ಎಂದರು. ಹೋದೆ. ನಮ್ಮನ್ನು ನಿಲ್ಲಿಸಿದ್ದು ನಾಲ್ಕನೆಯ ಸಾಲಿನಲ್ಲಿ, ಒಟ್ಟು ನಾಲ್ಕೇ ಜನ.

ಊರಿಗೆ ಕಾಗದ ಬರೆದಾಗ ಅಪ್ಪನಿಂದ ಒಂದೇ ಸಾಲಿನ ಉತ್ತರ ಬಂತು: "ಹಾಡು ನಿನ್ನದು ಸರಿ, ಪ್ರಾರ್ಥನೆ ಯಾರದ್ದು?" ಆ ಕಾಗದವನ್ನು ಸಿಸ್ಟರಿಗೆ ತೋರಿಸಿದೆ. ಅವರು ಬೇಸರಪಡಲಿಲ್ಲ. "ಶಿಲುಬೆಯ ಗುರುತು ಮಾಡಬೇಕಾಗಿಲ್ಲ. ನೀನು ನಂಬಬೇಕು ಅಂತಲೂ ಇಲ್ಲ. ಆದರೆ ನೀನು ಹಾಡುವಾಗ ಎದುರಿಗೆ ಕೂತ ಯಾರೋ ಒಬ್ಬರು ನಂಬಿ ಕೇಳುತ್ತಿರುತ್ತಾರೆ, ಅದನ್ನು ಮರೆಯಬಾರದು" ಎಂದರು. ಅದರ ಜೊತೆಗೆ ಒಂದು ನಿಯಮ: ಅರ್ಥ ತಿಳಿಯದೆ ಒಂದು ಪದವನ್ನೂ ಹಾಡಕೂಡದು. ಲ್ಯಾಟಿನ್ ಹಾಡಾದರೆ ಮೊದಲು ಬೋರ್ಡಿನ ಮೇಲೆ ಪದಪದಕ್ಕೂ ಅರ್ಥ ಬರೆದುಕೊಡುತ್ತಿದ್ದರು.

ಅಪ್ಪನ ಪ್ರಶ್ನೆ ಹೊಸದೇನಲ್ಲ ಎಂದು ಆಮೇಲೆ ತಿಳಿಯಿತು. ಕೊಡಗಿನಲ್ಲಿ ಕ್ರೈಸ್ತರ ಹಾಡಿಗೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ದೊಡ್ಡ ವೀರರಾಜೇಂದ್ರ 1792ರಲ್ಲಿ ವಿರಾಜಪೇಟೆಯನ್ನು ಕಟ್ಟಿದಾಗ, ಟಿಪ್ಪುವಿನ ಕಾಲದ ಕಷ್ಟದಿಂದ ತಪ್ಪಿಸಿಕೊಂಡು ಬಂದ ಕೆಥೊಲಿಕ್ ಕುಟುಂಬಗಳಿಗೆ ಅಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಮೂಲ ಅದು. ಅರವತ್ತು ವರ್ಷಗಳ ನಂತರ, 1850ರ ದಶಕದಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಘಟ್ಟ ಹತ್ತಿ ಬಂದ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವನು ಅವನೇ. ಸಿದ್ದಾಪುರದ ಕಡೆಯ ಆನಂದಪುರದಲ್ಲಿ ಅವನು ಕ್ರೈಸ್ತರ ಒಂದು ಊರನ್ನೇ ನೆಲೆಗೊಳಿಸಿದ.

ಈ ಮಿಷನ್ನಿನವರು ಎಲ್ಲೇ ಹೋಗಲಿ, ಹಾಡು ಅವರ ಜೊತೆಗೇ ಹೋಗುತ್ತಿತ್ತು. ಜರ್ಮನಿಯಲ್ಲಿ ಇಡೀ ಸಭೆ ಸೇರಿ ಹಾಡುವ ಪದ್ಧತಿಯಲ್ಲಿ ಬೆಳೆದವರು ಅವರು. ಆ ರಾಗಗಳಿಗೆ ಕನ್ನಡದ ಮಾತು ಕೂಡಿಸಿದರು. ಹಾಗೆಂದು ನಮ್ಮ ಹಾಡಿಗೆ ಅವರು ಕಿವಿ ಮುಚ್ಚಿಕೊಂಡಿರಲಿಲ್ಲ. ಪುರಂದರದಾಸರೇ ಮೊದಲಾದ ದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವನು ಇದೇ ಮೊಗ್ಲಿಂಗ್. ಮಡಿಕೇರಿಯಲ್ಲಿ ಕೆಲಕಾಲ ಇದ್ದ ಕಿಟ್ಟೆಲ್, ನಿಘಂಟು ಬರೆಯುವುದಕ್ಕೆ ಮೊದಲೇ, 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಎಂದು ಹೆಸರಿಟ್ಟ. ಬೇರೆಯವರ ಹಾಡನ್ನು ಬಾಯಲ್ಲಿ ಇಟ್ಟುಕೊಂಡರೆ ತನ್ನತನ ಕರಗಿ ಹೋಗುತ್ತದೆಯೇ? ಆ ಪಾದ್ರಿಗಳು ದಾಸರ ಪದ ಓದಿಯೂ ಪಾದ್ರಿಗಳಾಗಿಯೇ ಉಳಿದರು. ನಾನು ಚಾಪೆಲ್ಲಿನಲ್ಲಿ ಹಾಡಿಯೂ ಕಾವೇರಮ್ಮನ ಮಗಳಾಗಿಯೇ ಉಳಿದೆ.

ಈಗ ಅಭ್ಯಾಸದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಚೆನ್ನಾಗಿ ಹಾಡುವುದೆಂದರೆ ದನಿ ಎದ್ದು ಕೇಳಬೇಕು. ಕ್ವಾಯರಿನಲ್ಲಿ ಎದ್ದು ಕೇಳಿದರೆ ಅದೇ ತಪ್ಪು. ಪಕ್ಕದವಳ ದನಿ ಕೇಳಿಸದಷ್ಟು ಜೋರಾಗಿ ನೀನು ಹಾಡಿದರೆ ನಿನ್ನದು ಹೆಚ್ಚಾಯಿತು, ಬರೀ ಪಕ್ಕದವಳದೇ ಕೇಳಿಸಿದರೆ ನಿನ್ನದು ಕಡಿಮೆಯಾಯಿತು. ಪದದ ಕೊನೆಯ ಅಕ್ಷರವನ್ನು ಎಲ್ಲರೂ ಒಟ್ಟಿಗೆ ಮುಗಿಸಬೇಕು. ಒಬ್ಬಳು ಬಾಲ ಬಿಟ್ಟರೂ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ. ಕಣ್ಣು ಪುಸ್ತಕದ ಮೇಲಲ್ಲ, ಸಿಸ್ಟರ್ ಕೈಯ ಮೇಲೆ. ಇದೆಲ್ಲಕ್ಕಿಂತ ನನಗೆ ಬೆರಗಾದದ್ದು ಉಸಿರಿನ ಗುಟ್ಟು. ಒಂದು ಸ್ವರವನ್ನು ಬಹಳ ಹೊತ್ತು ಹಿಡಿಯಬೇಕಾದಾಗ ಯಾರ ಉಸಿರೂ ಅಷ್ಟು ಸಾಲದು. ಆದ್ದರಿಂದ ಸರದಿ ಗೊತ್ತುಮಾಡುತ್ತಿದ್ದರು. ನಾನು ಉಸಿರೆಳೆದುಕೊಳ್ಳುವಾಗ ಉಳಿದ ಮೂವರು ಹಿಡಿದಿರಬೇಕು, ಪಕ್ಕದವಳ ಸರದಿಗೆ ನಾನು ಹಿಡಿದಿರಬೇಕು. ಕೇಳುವವರಿಗೆ ಹಾಡು ಎಲ್ಲಿಯೂ ಕಡಿಯುವುದಿಲ್ಲ.

ಆ ಡಿಸೆಂಬರಿನಲ್ಲಿ ಹುತ್ತರಿ ಬಂತು. ಮನೆಮಕ್ಕಳೆಲ್ಲ ಐನ್‌ಮನೆಯಲ್ಲಿ ಸೇರಿ ನೆರೆ ಕಟ್ಟಿ, ರಾತ್ರಿ ಗದ್ದೆಗೆ ಹೋಗಿ ಕದಿರು ತೆಗೆದು, ಕೋವಿ ಹಾರಿಸುವ ಹಬ್ಬ. ಅದಕ್ಕೆ ಹೋಗದಿದ್ದರೆ ಹೇಗೆ? ಇತ್ತ ಭಾನುವಾರ ಚಾಪೆಲ್ಲಿನಲ್ಲಿ ಕ್ರಿಸ್ಮಸ್‌ಗೆ ಮುಂಚಿನ ವಿಶೇಷ ಪೂಜೆ. ಕೇಳಿದರೆ ಬೇಡವೆಂದಾರು ಎಂಬ ಭಯಕ್ಕೆ, ವಾರ್ಡನ್‌ಗೆ ಚೀಟಿ ಕೊಟ್ಟು, ಸಿಸ್ಟರಿಗೆ ಒಂದು ಮಾತೂ ಹೇಳದೆ ಬಸ್ಸು ಹತ್ತಿದೆ. ಅಷ್ಟು ಜನರಲ್ಲಿ ನಾನೊಬ್ಬಳು ತಾನೇ! ತಂಬಿಟ್ಟು ತಿಂದು, ಮಂದಿನಲ್ಲಿ ಕೋಲಾಟ ನೋಡಿ, ಮೂರನೆಯ ದಿನ ಮರಳಿದೆ.

ನನ್ನ ಪಕ್ಕದ ಹುಡುಗಿ ಮಾತು ಬಿಟ್ಟಿದ್ದಳು. ಉದ್ದದ ಸ್ವರ ಬಂದಾಗ ನನ್ನ ಮೇಲೆ ಭರವಸೆಯಿಟ್ಟು ಸರದಿಯಂತೆ ಅವಳು ಉಸಿರೆಳೆದುಕೊಂಡಿದ್ದಳು. ನಾನು ಹಿಡಿದಿರಬೇಕಾದ ಜಾಗ ಖಾಲಿಯಿತ್ತು. ಅವಳು ಗಾಬರಿಯಾಗಿ ತಪ್ಪು ಸ್ವರ ಹಿಡಿದು, ಸಾಲು ಮುರಿದುಬಿದ್ದಿತ್ತು. ನನ್ನ ದನಿಯನ್ನು ಇಡೀ ವರ್ಷ ಯಾರೂ ಬೇರೆಯಾಗಿ ಕೇಳಿರಲಿಲ್ಲ. ಅದು ಇಲ್ಲದ್ದು ಮಾತ್ರ ಎಲ್ಲರಿಗೂ ಕೇಳಿತ್ತು.

ಸಿಸ್ಟರ್ ಬೈಯಲಿಲ್ಲ. "ಹಬ್ಬಕ್ಕೆ ಹೋದದ್ದು ತಪ್ಪಲ್ಲ, ಹೇಳದೆ ಹೋದದ್ದು ತಪ್ಪು. ಹೇಳಿದ್ದರೆ ಉಸಿರಿನ ಸರದಿ ಬದಲಿಸುತ್ತಿದ್ದೆ" ಎಂದರು. ಆಮೇಲೆ, ನನ್ನ ಮುಖ ನೋಡಿ ಕರುಣೆ ಬಂದಿರಬೇಕು, "ನಿಮ್ಮ ಹಬ್ಬದಲ್ಲಿ ಯಾರು ಹಾಡುತ್ತಾರೆ?" ಎಂದು ಕೇಳಿದರು. ದುಡಿ ಹಿಡಿದು ನಾಲ್ವರು ಗಂಡಸರು ಎಂದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಸಂಗ್ರಹಿಸಿದ ನಮ್ಮ ಹಾಡುಗಳಲ್ಲಿ ಬಹಳಷ್ಟನ್ನು ನಾನು ಕೇಳಿದ್ದು ಗಂಡು ದನಿಯಲ್ಲೇ. ಹೆಂಗಸರಿಗೆ ಉಮ್ಮತ್ತಾಟ್ ಇತ್ತು. ದುಡಿ ಮಾತ್ರ ಗಂಡಸರ ಕೈಯಲ್ಲಿತ್ತು. ಸಿಸ್ಟರ್ ನಕ್ಕರು. "ನಮ್ಮಲ್ಲೂ ಹಾಗೆಯೇ ಇತ್ತು ಮಗು."

ಅವರು ಅಂದು ಹೇಳಿದ ಕಥೆಯನ್ನು ಆಮೇಲೆ ಪುಸ್ತಕಗಳಲ್ಲಿ ಹುಡುಕಿ ಓದಿದೆ. 1903ರ ನವೆಂಬರ್ 22ರಂದು ಹತ್ತನೆಯ ಪಯಸ್ ಪೋಪ್ ಚರ್ಚಿನ ಸಂಗೀತದ ಬಗ್ಗೆ ಒಂದು ಆಜ್ಞೆ ಹೊರಡಿಸಿದರು. ಚರ್ಚಿನಲ್ಲಿ ಹಾಡುವುದು ಪೂಜೆಯ ಒಂದು ಅಧಿಕಾರ, ಹೆಂಗಸರು ಆ ಅಧಿಕಾರಕ್ಕೆ ಅರ್ಹರಲ್ಲ, ಆದ್ದರಿಂದ ಅವರು ಗಾಯಕವೃಂದಕ್ಕೆ ಸೇರಕೂಡದು, ಮೇಲಿನ ದನಿ ಬೇಕಾದರೆ ಹುಡುಗರನ್ನು ಬಳಸಿಕೊಳ್ಳಿ ಎಂದು ಅದರಲ್ಲಿ ಬರೆದಿದೆ. ಆ ದಿನದ ವಿಶೇಷ ಏನು ಗೊತ್ತೇ? ನವೆಂಬರ್ 22 ಸಂತ ಸಿಸಿಲಿಯಾಳ ಹಬ್ಬ. ಸಂಗೀತಕ್ಕೆ ಒಡತಿಯೆಂದು ಕೆಥೊಲಿಕರು ಪೂಜಿಸುವ ಆಕೆ ಒಬ್ಬ ಹೆಂಗಸು! ಕನ್ಯಾಮಠಗಳಲ್ಲಿ ಸಿಸ್ಟರುಗಳು ನೂರಾರು ವರ್ಷಗಳಿಂದ ತಮ್ಮಷ್ಟಕ್ಕೆ ಹಾಡುತ್ತಲೇ ಬಂದಿದ್ದರು. ಹನ್ನೆರಡನೆಯ ಶತಮಾನದಲ್ಲಿ, ನಮ್ಮ ಅಕ್ಕಮಹಾದೇವಿಯ ಶತಮಾನದಲ್ಲೇ, ಜರ್ಮನಿಯ ಹಿಲ್ಡೆಗಾರ್ಡ್ ತನ್ನ ಮಠದವರಿಗಾಗಿ ಹಾಡು ಕಟ್ಟಿದ್ದಳು. ಆದರೆ ಊರ ಚರ್ಚಿನ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲಿಲ್ಲ. 1955ರಲ್ಲಿ ಹನ್ನೆರಡನೆಯ ಪಯಸ್, ಹುಡುಗರು ಸಿಗದ ಕಡೆ ಹೆಂಗಸರೂ ಹಾಡಬಹುದು, ಆದರೆ ಪೂಜಾಸ್ಥಳದ ಹೊರಗೆ, ಗಂಡಸರಿಂದ ಬೇರೆಯಾಗಿ ನಿಲ್ಲಬೇಕು ಎಂದು ಸಡಿಲಿಸಿದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ನಂತರ ಪೂಜೆ ಲ್ಯಾಟಿನ್ನಿನಿಂದ ಜನರ ಮಾತಿಗೆ ಇಳಿಯಿತು. ಕೊಂಕಣಿ, ಕನ್ನಡದ ಹಾಡುಗಳು ಬಂದವು, ಹೆಂಗಸರ ದನಿಯೂ ಬಂತು. ನಾನು ಆ ಸಾಲಿಗೆ ಹೋಗಿ ನಿಂತಾಗ ಈ ಬದಲಾವಣೆಗೆ ಇನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಅದು ನನಗೆ ತಿಳಿದಿರಲಿಲ್ಲ. ನಾಲ್ಕನೆಯ ಸಾಲು ಯಾವಾಗಲೂ ಅಲ್ಲೇ ಇತ್ತು ಎಂದುಕೊಂಡಿದ್ದೆ.

ಇನ್ನೊಂದು ಹೆಸರನ್ನೂ ಹೇಳಿಬಿಡುತ್ತೇನೆ. ಸ್ವರಲಿಪಿ ಓದಲು ಬಾರದ ನಮಗೆ ಸಿಸ್ಟರ್ ಸ್ವರಗಳನ್ನು ಅಕ್ಷರಗಳಲ್ಲಿ ಬರೆದುಕೊಡುತ್ತಿದ್ದರು, ನಮ್ಮ ಸರಿಗಮದ ಹಾಗೆ. ಆ ಪದ್ಧತಿಯನ್ನು ಊರೂರಿಗೆ ಹಬ್ಬಿಸಿದವನು ಇಂಗ್ಲೆಂಡಿನ ಪಾದ್ರಿ ಜಾನ್ ಕರ್ವೆನ್. ಅವನಿಗೆ ಮೂಲ ಸಿಕ್ಕಿದ್ದು ನಾರಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಶಿಕ್ಷಕಿಯಿಂದ. ಬಡಮಕ್ಕಳೂ ಹಾಡು ಕಲಿಯಲೆಂದು ಆಕೆ ರೂಪಿಸಿದ ಕ್ರಮ 1835ರಲ್ಲಿ ಪುಸ್ತಕವಾಗಿತ್ತು. ಆಕೆಯ ದನಿಯೂ ನಾಲ್ಕನೆಯ ಸಾಲಿನದೇ.

ಕಾಲೇಜು ಮುಗಿದ ಮೇಲೆ ನಾನು ಎಲ್ಲಿಯೂ ಹಾಡಲಿಲ್ಲ. ಮದುವೆ, ತೋಟ, ಮಕ್ಕಳು. ಆದರೆ ಮನೆಯಲ್ಲಿ ಕಾಯಿಲೆಯವರಿದ್ದಾಗ, ವಾರಗಿತ್ತಿಯೂ ನಾನೂ ಸರದಿಯಲ್ಲಿ ರಾತ್ರಿ ಎಚ್ಚರವಿದ್ದಾಗ, ಆ ಉದ್ದದ ಸ್ವರ ನೆನಪಾಗುತ್ತಿತ್ತು. ಅವಳು ಮಲಗಲು ಹೊರಡುವ ಮೊದಲು ನಾನು ಬಂದು ಕೂತಿದ್ದೇನೆಯೇ ಎಂದು ನೋಡಿಕೊಂಡು ಹೋಗುತ್ತಿದ್ದಳು.

ನಿನ್ನೆ ಮೊಮ್ಮಗಳು ಮತ್ತೆ ಫೋನ್ ಮಾಡಿದ್ದಳು. ಹುತ್ತರಿಗೆ ಬರಬೇಕಂತೆ, ಅದೇ ವಾರ ಕ್ವಾಯರಿನ ಕಾರ್ಯಕ್ರಮವೂ ಇದೆಯಂತೆ. ಏನು ಮಾಡಲಿ ಎಂದು ಕೇಳಿದಳು. "ಬರುವುದು ಬಿಡುವುದು ನೀನೇ ಯೋಚಿಸು. ಬರುವುದಾದರೆ, ನಿನ್ನ ಪಕ್ಕದಲ್ಲಿ ನಿಲ್ಲುವವಳಿಗೆ ಮೊದಲು ಹೇಳಿ ಬಾ" ಎಂದೆ.

"ಟೀಚರಿಗೆ ಅಲ್ವಾ ಅಜ್ಜಿ?"

"ಟೀಚರಿಗೂ ಹೇಳು. ಮೊದಲು ಅವಳಿಗೆ."