ಕೋಲು, ಕೈ ಮತ್ತು ಬೀಸು

ಶಿಕಾರಿಪುರ, ಸೊರಬದ ಬಯಲುಗಳಲ್ಲಿ ಚಿನ್ನಿದಾಂಡು ಆಡಿದವರಿಗೆ ಗೊತ್ತು: ದಾಂಡು ಕೈಗೆ ಹೊಂದದಿದ್ದರೆ ಬೀಸು ಕೆಡುತ್ತದೆ. ಗಾಲ್ಫ್ ಆಟದ ಇತಿಹಾಸ ಹೇಳುವುದೂ ಇದನ್ನೇ.

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದಾಗ ಗಾಲ್ಫ್ ಕೋಲಿನ ದಂಡ ಮರದ್ದು. ಅಮೆರಿಕದ ಹಿಕರಿ ಮರ ಗಟ್ಟಿ, ಆದರೆ ತಿರುಚಿಕೊಳ್ಳುವಂಥದ್ದು. ರಭಸದಿಂದ ಬೀಸಿದರೆ ಕೋಲಿನ ತಲೆ ಹಿಂದುಳಿದು ಚೆಂಡು ದಾರಿ ತಪ್ಪುತ್ತಿತ್ತು. ಹಾಗಾಗಿ ಆಟಗಾರರು ಲಯವರಿತು, ನಿಧಾನವಾಗಿ ಬೀಸುತ್ತಿದ್ದರು. ಒಂದು ಕೋಲಿನಂತೆ ಇನ್ನೊಂದಿಲ್ಲ. ಸೊರಬದ ಗುಡಿಗಾರರು ಮರದ ಎಳೆ ನೋಡಿ ತುಂಡು ಆರಿಸುವಂತೆ ಪ್ರತಿಯೊಂದನ್ನೂ ಹಿಡಿದು ನೋಡಿ ಆರಿಸಬೇಕಿತ್ತು.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಸಂಸ್ಥೆ 1929ರಲ್ಲಿ ಉಕ್ಕಿನ ದಂಡಕ್ಕೆ ಒಪ್ಪಿಗೆಯಿತ್ತಿತು. ಒಂದೇ ಗುಣದ ಕೋಲುಗಳು ಬಂದವು, ಬೀಸು ಬಿರುಸಾಯಿತು. ಚೀಲದಲ್ಲಿ ಕೋಲುಗಳು ಮಿತಿಮೀರಿದಾಗ, 1939ರಲ್ಲಿ ಒಬ್ಬರಿಗೆ 14 ಎಂದು ಅದೇ ಸಂಸ್ಥೆ ಗೊತ್ತುಮಾಡಿತು.

ಇಂದು ದಂಡದ ಉದ್ದ, ತೂಕ, ಬಾಗುವ ಗುಣ ಇವನ್ನು ಆಟಗಾರರ ಎತ್ತರ ಮತ್ತು ಬೀಸಿನ ವೇಗಕ್ಕೆ ಹೊಂದಿಸುತ್ತಾರೆ. ಬಲವೊಂದೇ ಸಾಲದೆಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಸಾಕ್ಷಿ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೊಡೆತದ ದೂರ ಕಡಿಮೆಯಿದ್ದರೂ, ಕುಳಿಯ ಬಳಿಯ ನಿಖರತೆಯಿಂದ ಅವರು ನಾಲ್ಕನೆಯವರಾದರು. ಮಕ್ಕಳಿಗೆ ದೊಡ್ಡವರ ಭಾರದ ಕೋಲು ಕೊಟ್ಟು ಬೀಸು ತಿದ್ದಲು ಹೋಗಬಾರದು. ಮೊದಲು ಕೋಲನ್ನು ಬದಲಿಸಬೇಕು.